‘ಗೊತ್ತಿಲ್ಲ’ ಎಂದವರ ದನಿ

ಎರಡು ತಿಂಗಳ ಹಿಂದೆ ನನ್ನ ಮೊದಲ ಇಂಟರ್ನ್‌ಶಿಪ್ ಸಂದರ್ಶನ ಇತ್ತು. ರೆಸ್ಯೂಮೆಯಲ್ಲಿ ‘ಮ್ಯಾಟ್‌ಲ್ಯಾಬ್’ ಬರುತ್ತದೆ ಎಂದು ಬರೆದುಕೊಂಡಿದ್ದೆ. ಕಾಲೇಜಿನ ಲ್ಯಾಬ್‌ನಲ್ಲಿ ಎರಡು ಸಲ ಮುಟ್ಟಿದ್ದು ಬಿಟ್ಟರೆ ಅದರ ಗಂಧಗಾಳಿ ನನಗಿರಲಿಲ್ಲ. ಎದುರಿಗೆ ಕೂತಿದ್ದವರು ಅದರ ಬಗ್ಗೆಯೇ ಕೇಳಿದರು. ‘ಗೊತ್ತಿಲ್ಲ ಸರ್’ ಎನ್ನಲು ಬಾಯಿ ಬರಲಿಲ್ಲ. ಸುಮ್ಮನಾದರೆ ಸಿಕ್ಕಿಬೀಳುತ್ತೇನೆ ಎಂಬ ಭಯಕ್ಕೆ ಐದು ನಿಮಿಷ ಏನೇನೋ ಮಾತಾಡಿದೆ. ಅವರು ನಕ್ಕು ‘ಓಕೆ, ಥ್ಯಾಂಕ್ಯೂ’ ಎಂದರು. ಆಮೇಲೆ ಕರೆ ಬರಲೇ ಇಲ್ಲ.

ಆ ರಾತ್ರಿ ಹಾಸ್ಟೆಲ್‌ನಲ್ಲಿ ನಿದ್ದೆ ಬಾರದೆ ಮೊಬೈಲ್‌ನಲ್ಲಿ ಹಳೆಯ ಕ್ರಿಕೆಟ್ ಕಾಮೆಂಟರಿ ಕೇಳುತ್ತಾ ಮಲಗಿದ್ದೆ. ಒಂದರ ಹಿಂದೊಂದು ವಿಡಿಯೊ ಬರುತ್ತಾ ಅಮೆರಿಕದ ಬೇಸ್‌ಬಾಲ್ ಪಂದ್ಯವೊಂದು ಶುರುವಾಯಿತು. ಆಟದ ನಿಯಮ ಒಂದೂ ತಿಳಿಯದಿದ್ದರೂ ಪೂರ್ತಿ ನೋಡಿದೆ. ಕಾರಣ ಇಷ್ಟೆ: ಪಂದ್ಯದ ಅತಿ ರೋಚಕ ಗಳಿಗೆಯಲ್ಲಿ ಕಾಮೆಂಟೇಟರ್ ಮಾತನ್ನೇ ನಿಲ್ಲಿಸಿಬಿಟ್ಟಿದ್ದರು!

ಅದು 1988ರ ಅಕ್ಟೋಬರ್ 15, ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಓಕ್‌ಲ್ಯಾಂಡ್ ಎದುರು 3–4ರಿಂದ ಹಿಂದಿತ್ತು. ಕೊನೆಯ ಇನಿಂಗ್ಸ್, ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಎರಡೂ ಕಾಲಿಗೆ ಪೆಟ್ಟಾಗಿ ಕುಂಟುತ್ತಿದ್ದ ಕರ್ಕ್ ಗಿಬ್ಸನ್ ಬ್ಯಾಟ್ ಹಿಡಿದು ಬಂದು ‘ಹೋಮ್ ರನ್’ ಹೊಡೆದರು. ನಮ್ಮ ಲೆಕ್ಕದಲ್ಲಿ ಕೊನೆಯ ಚೆಂಡಿಗೆ ಸಿಕ್ಸರ್. ಟಿವಿ ಕಾಮೆಂಟೇಟರ್ ವಿನ್ ಸ್ಕಲ್ಲಿ ಚೆಂಡು ಪ್ರೇಕ್ಷಕರ ನಡುವೆ ಬಿದ್ದದ್ದನ್ನು ಹೇಳಿ, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮೌನವಾದರು. ಜನರ ಕೂಗು ಮಾತ್ರ ಕೇಳುತ್ತಿತ್ತು. ಆ ಕೂಗಿಗಿಂತ ಚೆನ್ನಾಗಿ ತಾನೇನೂ ಹೇಳಲಾರೆ ಎಂದು ಅವರಿಗೆ ಗೊತ್ತಿತ್ತು. ಮಧ್ಯಾಹ್ನದ ನನ್ನ ಐದು ನಿಮಿಷದ ಭಾಷಣ ನೆನಪಾಗಿ ನಾಚಿಕೆಯಾಯಿತು.

ಮರುದಿನದಿಂದ ಸ್ಕಲ್ಲಿ ಬಗ್ಗೆ ಹುಡುಕಿ ಹುಡುಕಿ ಓದಿದೆ. ಅವರು ಡಾಡ್ಜರ್ಸ್‌ಗೆ ಕಾಮೆಂಟರಿ ಹೇಳಲು ಶುರುಮಾಡಿದ್ದು 1950ರಲ್ಲಿ, 22ನೇ ವಯಸ್ಸಿಗೆ. ಆಗ ಆ ತಂಡ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿತ್ತು. ಅದಕ್ಕೂ ಮೊದಲು, 1949ರಲ್ಲಿ, ಬಾಸ್ಟನ್‌ನ ಫುಟ್‌ಬಾಲ್ ಪಂದ್ಯವೊಂದಕ್ಕೆ ರೆಡ್ ಬಾರ್ಬರ್ ಎಂಬ ಹಿರಿಯ ಕಾಮೆಂಟೇಟರ್ ಅವರನ್ನು ಕಳಿಸಿದ್ದರು. ಬೆಚ್ಚನೆಯ ಕೋಣೆ ಸಿಗುತ್ತದೆಂದು ಕೋಟನ್ನು ಹೋಟೆಲ್‌ನಲ್ಲೇ ಬಿಟ್ಟು ಹೋದರೆ, ಜಾಗ ಸಿಕ್ಕಿದ್ದು ಕ್ರೀಡಾಂಗಣದ ಚಾವಣಿ ಮೇಲೆ! ಚಳಿಯಲ್ಲಿ ನಡುಗುತ್ತಲೇ ಪಂದ್ಯ ಮುಗಿಸಿದರು. ಬಾರ್ಬರ್‌ಗೆ ದೂರು ಹೇಳಲಿಲ್ಲ. ವಿಷಯ ಆಮೇಲೆ ಬೇರೆಯವರಿಂದ ಬಾರ್ಬರ್ ಕಿವಿಗೆ ಬಿತ್ತು. ಮುಂದಿನ ವರ್ಷ ಸ್ಕಲ್ಲಿ ಅವರ ಪಕ್ಕದಲ್ಲೇ ಕೂತಿದ್ದರು.

1958ರಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಬಂತು. ಮೊದಲ ನಾಲ್ಕು ವರ್ಷ ಆಡಿದ್ದು ಬೇಸ್‌ಬಾಲ್‌ಗೆಂದು ಕಟ್ಟಿರದ ‘ಕೊಲಿಸಿಯಂ’ ಎಂಬ ಬೃಹತ್ ಕ್ರೀಡಾಂಗಣದಲ್ಲಿ. ದೂರದ ಸೀಟಿನವರಿಗೆ ಆಟಗಾರರು ಇರುವೆಗಳಂತೆ ಕಾಣುತ್ತಿದ್ದರು. ಹೀಗಾಗಿ ಜನ ಟ್ರಾನ್ಸಿಸ್ಟರ್ ತಂದು, ಕಣ್ಣೆದುರಿನ ಆಟವನ್ನೇ ಸ್ಕಲ್ಲಿ ದನಿಯಲ್ಲಿ ಕೇಳುತ್ತಿದ್ದರು. 2016ರಲ್ಲಿ ನಿವೃತ್ತರಾಗುವವರೆಗೆ 67 ಸೀಸನ್‌ಗಳ ಕಾಲ ಅವರು ಒಂದೇ ತಂಡದ ದನಿಯಾಗಿದ್ದರು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದೇ ತಂಡದ ಇನ್ನೊಂದು ದನಿ: ಹೈಮೆ ಹರೀನ್.

ಹರೀನ್ ದಕ್ಷಿಣ ಅಮೆರಿಕದ ಈಕ್ವೆಡಾರ್‌ನವರು. 1955ರಲ್ಲಿ ಕೆಲಸ ಹುಡುಕಿಕೊಂಡು ಲಾಸ್ ಏಂಜಲೀಸ್‌ಗೆ ಬಂದರು. ಊರಲ್ಲಿ ರೇಡಿಯೊ ಉದ್ಘೋಷಕರಾಗಿದ್ದವರಿಗೆ ಇಲ್ಲಿನ ಸ್ಪ್ಯಾನಿಷ್ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತು. ಡಾಡ್ಜರ್ಸ್ ಬಂದಾಗ ಅದರ ಪಂದ್ಯಗಳನ್ನು ಸ್ಪ್ಯಾನಿಷ್‌ನಲ್ಲಿ ಬಿತ್ತರಿಸಲು ಆ ಕೇಂದ್ರ ಮುಂದಾಯಿತು. ಹರೀನ್‌ಗೂ ಕರೆ ಬಂತು. ಎಂಥ ಅವಕಾಶ! ನಾನಾಗಿದ್ದರೆ ‘ಯೆಸ್ ಸರ್, ಐ ನೋ ಬೇಸ್‌ಬಾಲ್’ ಎಂದುಬಿಡುತ್ತಿದ್ದೆ. ಅವರು ಮಾತ್ರ ತನಗೆ ಈ ಆಟ ಗೊತ್ತಿಲ್ಲ, ಕಲಿಯಲು ಒಂದು ವರ್ಷ ಬೇಕು ಎಂದರು. ಆ ವರ್ಷ ಪಂದ್ಯಗಳನ್ನು ನೋಡಿ, ಕೇಳಿ ಆಟ ಕಲಿತರು. 1959ರಲ್ಲಿ ಮೈಕ್ ಮುಂದೆ ಕೂತರು.

ಅಲ್ಲಿಗೂ ಕಲಿಕೆ ಮುಗಿಯಲಿಲ್ಲ. ಆರಂಭದ ವರ್ಷಗಳಲ್ಲಿ ತಂಡ ಬೇರೆ ಊರಿಗೆ ಹೋದರೆ ಸ್ಪ್ಯಾನಿಷ್ ಕಾಮೆಂಟೇಟರ್‌ಗಳು ಜೊತೆಗೆ ಹೋಗುತ್ತಿರಲಿಲ್ಲ. ಸ್ಟುಡಿಯೊದಲ್ಲಿ ಕೂತು, ಇಂಗ್ಲಿಷ್ ಕಾಮೆಂಟರಿಯನ್ನು ಕಿವಿಯಲ್ಲಿ ಕೇಳುತ್ತಾ ಆ ಕ್ಷಣವೇ ಸ್ಪ್ಯಾನಿಷ್‌ನಲ್ಲಿ ಹೇಳಬೇಕಿತ್ತು. ಸ್ಕಲ್ಲಿ ಅವರ ಮಾತೇ ಹರೀನ್‌ಗೆ ದಿನನಿತ್ಯದ ಪಾಠವಾಯಿತು.

1981ರಲ್ಲಿ ಮೆಕ್ಸಿಕೊದ ಹಳ್ಳಿಯೊಂದರಿಂದ ಬಂದಿದ್ದ ಫರ್ನಾಂಡೊ ವಾಲೆನ್ಸುವೆಲಾ ಎಂಬ ಹುಡುಗ ತನ್ನ ಎಸೆತಗಳಿಂದ ಅಮೆರಿಕವನ್ನೇ ಹುಚ್ಚೆಬ್ಬಿಸಿದ. ಸೀಸನ್ ಶುರುವಾದಾಗ ಅವನಿಗೆ ನನ್ನಷ್ಟೇ ವಯಸ್ಸು, 20. ಇಂಗ್ಲಿಷ್ ಬರುತ್ತಿರಲಿಲ್ಲ. ಪತ್ರಿಕಾಗೋಷ್ಠಿಗಳಲ್ಲಿ ಅವನ ಪಕ್ಕ ಕೂತು ಅನುವಾದಿಸಿದವರು ಇದೇ ಹರೀನ್. ಇಂಗ್ಲಿಷ್ ಬಾರದಿದ್ದರೂ ಆ ವರ್ಷ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ‘ಸೈ ಯಂಗ್’ ಪ್ರಶಸ್ತಿ ಅವನಿಗೇ ಬಂತು! ಮುಂದೆ ನಿವೃತ್ತನಾದ ಮೇಲೆ ಹರೀನ್ ಜೊತೆ ಸ್ಪ್ಯಾನಿಷ್ ಕಾಮೆಂಟರಿಗೂ ಕೂತ.

ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್‌ಗೆ ಬಂದ ನನಗೆ ಇದು ಬರೀ ಕ್ರೀಡಾ ಸುದ್ದಿಯಾಗಿ ಕಾಣಲಿಲ್ಲ. ನಮ್ಮ ತಾತ ಐಪಿಎಲ್ ನೋಡಲು ಕೂತದ್ದೇ ಕಾಮೆಂಟರಿ ಕನ್ನಡದಲ್ಲಿ ಬರತೊಡಗಿದ ಮೇಲೆ. ತಮ್ಮ ಭಾಷೆಯಲ್ಲಿ ಹೇಳುವವರು ಸಿಕ್ಕರೆ ಆಟವೂ ಜನರಿಗೆ ತಮ್ಮದೆನಿಸುತ್ತದೆ. ಹರೀನ್ 64 ಸೀಸನ್‌ಗಳ ಕಾಲ ಮಾಡಿದ್ದು ಅದನ್ನೇ. 1998ರಲ್ಲಿ ಅವರಿಗೆ ಬೇಸ್‌ಬಾಲ್ ಕಾಮೆಂಟೇಟರ್‌ಗಳ ಅತ್ಯುನ್ನತ ಗೌರವವಾದ ಫ್ರಿಕ್ ಪ್ರಶಸ್ತಿ ಬಂತು. ಸ್ಕಲ್ಲಿಗೆ ಅದು 1982ರಲ್ಲೇ ಬಂದಿತ್ತು. ಹರೀನ್ ನಿವೃತ್ತರಾದದ್ದು 2022ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಸ್ಕಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಪ್ಲೇಸ್‌ಮೆಂಟ್ ತರಬೇತಿಯಲ್ಲಿ ನಮಗೆ ಹೇಳಿಕೊಡುವುದು ಮಾತಾಡುವುದನ್ನು. ಯಾವಾಗ ಸುಮ್ಮನಿರಬೇಕು, ‘ಗೊತ್ತಿಲ್ಲ’ ಎಂದು ಹೇಗೆ ಹೇಳಬೇಕು ಎಂಬುದನ್ನು ನಾನು ಈ ಇಬ್ಬರಿಂದ ಕಲಿತೆ. ಆದರೆ ‘ಗೊತ್ತಿಲ್ಲ’ ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದರೆ ಹರೀನ್ ಯಾರೆಂದು ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಅದರ ಹಿಂದೆ ಒಂದು ವರ್ಷದ ದುಡಿಮೆ ಇತ್ತು.

ರೆಸ್ಯೂಮೆಯಿಂದ ‘ಮ್ಯಾಟ್‌ಲ್ಯಾಬ್’ ತೆಗೆದಿದ್ದೇನೆ. ರಾತ್ರಿ ಒಂದು ಗಂಟೆ ಅದನ್ನೇ ಕಲಿಯುತ್ತಿದ್ದೇನೆ. ಮೊನ್ನೆ ವೈವಾದಲ್ಲಿ ಒಂದು ಪ್ರಶ್ನೆಗೆ, ‘ಇದು ಗೊತ್ತಿಲ್ಲ ಮೇಡಂ, ಓದಿಕೊಂಡು ಬಂದು ಹೇಳ್ತೀನಿ’ ಎಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಮೇಡಂ ಮುಂದಿನ ಪ್ರಶ್ನೆ ಕೇಳಿದರು. ಸೋಮವಾರ ಹೋಗಿ ಉತ್ತರ ಹೇಳಿಬಂದೆ.