ಮಂಜರಾಬಾದ್: ನಡೆದು ನೋಡಬೇಕಾದ ನಕ್ಷತ್ರ

ಆಲೂರು ಕಡೆಯಿಂದ ಬಂದು ಸಕಲೇಶಪುರ ದಾಟಿ, ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿಲೋಮೀಟರ್ ಹೋದರೆ ದೋಣಿಗಾಲ್. ಪಕ್ಕದ ಗುಡ್ಡದ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ 988 ಮೀಟರ್ ಎತ್ತರದಲ್ಲಿ ಮಂಜರಾಬಾದ್ ಕೋಟೆಯಿದೆ. ಡ್ರೋನ್ ಚಿತ್ರ ನೋಡಿ ಬಂದವರಿಗೆ ಮೊದಲ ಸಲ ನಿರಾಸೆಯೇ ಹೆಚ್ಚು. ಎಂಟು ಮೂಲೆಯ ಆ ನಕ್ಷತ್ರ ನೆಲದ ಮೇಲೆ ನಿಂತವರ ಕಣ್ಣಿಗೆ ಬೀಳುವುದಿಲ್ಲ. ನನಗೂ ಇದು ಅರ್ಥವಾದದ್ದು ಎರಡನೇ ಸಲ, ಗೋಡೆಯ ಮೇಲೆ ಪೂರ್ತಿ ಒಂದು ಸುತ್ತು ಬಂದಾಗ.

ಸುತ್ತುವಾಗ ಒಂದು ಕಡೆ ನಿಂತು ಗಮನಿಸಿ. ನೀವು ನಿಂತ ಗೋಡೆಯ ಬುಡ ನಿಮಗೆ ಕಾಣುವುದಿಲ್ಲ. ಆದರೆ ಮುಂದೆ ಚಾಚಿಕೊಂಡ ಪಕ್ಕದ ಕೊತ್ತಲದ ಮೈ ಬುಡದ ತನಕ ಕಾಣುತ್ತದೆ. ಆ ಕೊತ್ತಲದಲ್ಲಿ ನಿಂತ ಕಾವಲುಗಾರನಿಗೆ ನಿಮ್ಮ ಗೋಡೆಯ ಬುಡ ಅಷ್ಟೇ ಸ್ಪಷ್ಟ. ಒಬ್ಬರ ಗೋಡೆಯನ್ನು ಇನ್ನೊಬ್ಬರು ಕಾಯುವುದೇ ಇಲ್ಲಿನ ಲೆಕ್ಕ. ಕಂದಕ ದಾಟಿ ಬಂದ ಶತ್ರು ಎಲ್ಲಿ ಅವಿತರೂ ಯಾವುದಾದರೊಂದು ಬಂದೂಕಿನ ಕಿಂಡಿಗೆ ಎದುರಾಗಲೇಬೇಕು.

ಫಿರಂಗಿಗಳ ಕಾಲಕ್ಕೆಂದು ಯುರೋಪು ರೂಪಿಸಿದ ಈ ವಿದ್ಯೆಯನ್ನು ಪಳಗಿಸಿದವನು ಹದಿನಾಲ್ಕನೆಯ ಲೂಯಿಯ ಎಂಜಿನಿಯರ್ ವೋಬಾನ್ (1633–1707). ರೈನ್ ನದಿಯ ಬಯಲಿನಲ್ಲಿ ಅವನು ಯೋಜಿಸಿದ ನಫ್-ಬ್ರಿಸಾಕ್ ಪಟ್ಟಣ ಕೂಡ ಎಂಟು ಮೂಲೆಯದೇ. ಅದೀಗ ವಿಶ್ವ ಪರಂಪರೆಯ ತಾಣ. ಅಲ್ಲಿ ಗೋಡೆಯೊಳಗೆ ಬೀದಿ, ಚೌಕ, ಇಗರ್ಜಿ ಎಲ್ಲವೂ ಇವೆ, ಜನ ಇಂದಿಗೂ ಬದುಕುತ್ತಿದ್ದಾರೆ. ಇಲ್ಲಿ ಟಿಪ್ಪು ಸುಲ್ತಾನ್ ಅದೇ ಬಗೆಯ ರೇಖಾಗಣಿತವನ್ನು ಮಲೆನಾಡಿನ ಗುಡ್ಡದ ತುದಿಗೆ ಏರಿಸಿದ.

ಕೋಟೆ ಮುಗಿದದ್ದು 1792ರಲ್ಲಿ ಎನ್ನುತ್ತಾರೆ. ಅದೇ ವರ್ಷದ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮಲಬಾರ್, ಕೊಡಗು ಎರಡೂ ಟಿಪ್ಪುವಿನ ಕೈತಪ್ಪಿದವು. ಮಂಗಳೂರು ಮಾತ್ರ ಉಳಿಯಿತು. ಆ ಬಂದರಿನಿಂದ ಘಾಟಿ ಹತ್ತಿ ಬರುವ ದಾರಿಯನ್ನು ಕಾಯಲು ಇದಕ್ಕಿಂತ ಒಳ್ಳೆಯ ಗುಡ್ಡ ಸಿಗುವುದು ಕಷ್ಟ. ಇಂದಿನ ಹೆದ್ದಾರಿಯೂ ಇದರ ಕಾಲಬುಡದಲ್ಲೇ ಹಾದುಹೋಗುತ್ತದೆ.

ಒಳಗೆ ನಟ್ಟನಡುವೆ ಶಿಲುಬೆಯಾಕಾರದ ಕೊಳ. ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲು ನೀರಿಗಿಳಿಯುತ್ತವೆ. ಪಕ್ಕದಲ್ಲೇ ನೆಲದೊಳಗೆ ಮದ್ದಿನ ಮನೆಗಳು. ಕಮಾನಿನಡಿ ಬಗ್ಗಿ ಒಳಹೊಕ್ಕರೆ ಮಟಮಟ ಮಧ್ಯಾಹ್ನವೂ ತಂಪು. ಹೊರಗೋಡೆಗೆ ಕಪ್ಪುಕಲ್ಲು, ಒಳಗಿನ ಕಟ್ಟಡಗಳಿಗೆ ಇಟ್ಟಿಗೆ, ಗಾರೆ. ಆ ಗಾರೆಯ ಮೇಲೆ ಮೊಳೆಯಿಂದ ಗೀಚಿದ ಹೆಸರುಗಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಇಷ್ಟು ವರ್ಷದ ಮಳೆ ಮಾಡದ ಗಾಯವನ್ನು ನಾವು ಮಾಡುತ್ತಿದ್ದೇವೆ.

ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತವೆ, ಇಂಬಳದ ಕಾಟ ಬೇರೆ. ನವೆಂಬರ್ ನಂತರ ಬನ್ನಿ, ಮಂಜು ಕರಗುವ ಹೊತ್ತಿಗೆ ಮೇಲಿರಿ. ನೀರು ಒಯ್ಯಿರಿ, ಬಾಟಲಿ ವಾಪಸು ತನ್ನಿ. ಬಾಗಿಲು ದಾಟಿದ ಕೂಡಲೇ ಕೊಳದತ್ತ ಓಡಬೇಡಿ. ಮೊದಲು ಗೋಡೆ ಹತ್ತಿ ಎಂಟೂ ಮೂಲೆ ಸುತ್ತಿ, ಆಮೇಲೆ ಒಳಗಿಳಿಯಿರಿ.