ಬಸ್ಸಿನ ಕಿರುಕುಳ: ಹೊಟ್ಟೆನೋವಿನ ಹಿಂದೆ ಅಡಗಿರುವ ಕಾರಣ

ಬೂದಿಗೆರೆಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ವಯಸ್ಸು ಹದಿನೇಳು, ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ದಿನವೂ ಬೆಳಿಗ್ಗೆ ಬಸ್ಸು ಹಿಡಿದು ಬೂದಿಗೆರೆ ಕ್ರಾಸ್‌ನಲ್ಲಿ ಇಳಿದು, ಹಳೆ ಮದ್ರಾಸು ರಸ್ತೆಯಲ್ಲಿ ಇನ್ನೊಂದು ಬಸ್ಸು ಹತ್ತಿ ಹೊಸಕೋಟೆಯ ಕಾಲೇಜು ಸೇರಬೇಕು. ಒಂದು ತಿಂಗಳಿಂದ ಅವಳಿಗೆ ಬೆಳಿಗ್ಗೆ ಏಳುತ್ತಲೇ ಹೊಟ್ಟೆನೋವು. ತಿಂಡಿ ಸೇರುವುದಿಲ್ಲ, ತಲೆ ಸುತ್ತುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಭಾನುವಾರ ಮಾತ್ರ ಏನೂ ಇಲ್ಲ.

ತಾಯಿ ಅವಳನ್ನು ವೈದ್ಯರ ಬಳಿ ಕರೆತರುತ್ತಾರೆ. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿವೆ. ‘ಓದೋಕೆ ಸೋಮಾರಿತನ ಡಾಕ್ಟ್ರೇ, ಪರೀಕ್ಷೆ ಹತ್ತಿರ ಬಂತಲ್ಲ’ ಎನ್ನುತ್ತಾರೆ ತಾಯಿ. ಹುಡುಗಿ ತಲೆ ತಗ್ಗಿಸಿ ಕುಳಿತಿರುತ್ತಾಳೆ. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ‘ಕಾಲೇಜಿಗೆ ಹೇಗೆ ಹೋಗ್ತೀಯಮ್ಮ? ಬಸ್ಸಲ್ಲಿ ಏನಾದರೂ ತೊಂದರೆ ಇದೆಯಾ?’ ಎಂದು ಕೇಳಿದರೆ ಸಾಕು, ಕಣ್ಣಲ್ಲಿ ನೀರು ಬರುತ್ತದೆ. ಕಾಯಿಲೆ ಹೊಟ್ಟೆಯಲ್ಲಿ ಇರಲಿಲ್ಲ. ಅದು ಬೆಳಗಿನ ಬಸ್ಸಿನಲ್ಲಿತ್ತು.

ಬೂದಿಗೆರೆ ದೇವನಹಳ್ಳಿ ತಾಲ್ಲೂಕಿನ ಊರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದ ರಸ್ತೆಗಳಲ್ಲಿ ಓಡಾಟ ಬಹಳ ಹೆಚ್ಚಿದೆ. ಕಾಲೇಜಿಗೆ, ಕಾರ್ಖಾನೆಗೆ, ವೈಟ್‌ಫೀಲ್ಡ್ ಕಡೆಯ ಕಚೇರಿಗಳಿಗೆ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ಸೇ ಆಧಾರ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಯಾದ ಮೇಲೆ ಟಿಕೆಟ್ಟಿಗೆ ಹಣವಿಲ್ಲವೆಂದು ಮನೆಯಲ್ಲಿ ಉಳಿಯುವ ಪ್ರಮೇಯವೂ ತಪ್ಪಿದೆ. ಆದರೆ ಹಣದ ಅಡ್ಡಿ ಹೋದರೂ ಭಯದ ಅಡ್ಡಿ ಉಳಿದರೆ ಫಲವೇನು? ಮೈಗೆ ಒತ್ತಿಕೊಂಡು ನಿಲ್ಲುವುದು, ಬ್ರೇಕ್ ಹಾಕಿದ ನೆಪದಲ್ಲಿ ಮೇಲೆ ಬೀಳುವುದು, ಸೀಟಿನ ಸಂದಿಯಿಂದ ಕೈ ತೂರಿಸುವುದು, ಅಶ್ಲೀಲ ಮಾತು, ಮೊಬೈಲಿನಲ್ಲಿ ಕದ್ದು ಫೋಟೊ ತೆಗೆಯುವುದು, ಇಳಿದ ಮೇಲೂ ಹಿಂಬಾಲಿಸುವುದು, ಇವೆಲ್ಲವೂ ಲೈಂಗಿಕ ಕಿರುಕುಳಗಳೇ. ‘ಚುಡಾಯಿಸುವುದು’, ‘ಈವ್ ಟೀಸಿಂಗ್’ ಎಂಬ ಹಗುರವಾದ ಹೆಸರುಗಳಿಂದ ಇವನ್ನು ತಮಾಷೆಯಂತೆ ಕಾಣುವುದು ಇನ್ನಾದರೂ ನಿಲ್ಲಬೇಕು.

ಬಾಯಿ ಬರುವುದಿಲ್ಲ, ಏಕೆ?

‘ಅಷ್ಟು ಹೊತ್ತು ಸುಮ್ಮನೆ ಏಕಿದ್ದೆ? ಕೂಗಬಾರದಿತ್ತೇ?’ ಈ ಪ್ರಶ್ನೆಯನ್ನು ಕೇಳದವರಿಲ್ಲ. ಅದಕ್ಕೆ ಉತ್ತರ ಶರೀರಶಾಸ್ತ್ರದಲ್ಲಿದೆ.

ಅಪಾಯ ಎದುರಾದಾಗ ಮಿದುಳು ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಎದುರಿಸು ಇಲ್ಲವೇ ಓಡು ಎಂದು ಶರೀರ ಸಜ್ಜಾಗುತ್ತದೆ. ಆದರೆ ಕಿಕ್ಕಿರಿದ ಬಸ್ಸಿನಲ್ಲಿ ಓಡಲು ಜಾಗವಿಲ್ಲ, ಎದುರಿಸಲು ಧೈರ್ಯ ಬರುವುದಿಲ್ಲ. ಆಗ ಮೂರನೆಯ ಪ್ರತಿಕ್ರಿಯೆ ಬರುತ್ತದೆ. ಕೈಕಾಲು ಮರಗಟ್ಟಿ, ದನಿ ಗಂಟಲಲ್ಲೇ ಉಳಿದುಬಿಡುತ್ತದೆ. ಬೆಕ್ಕಿನ ಬಾಯಿಗೆ ಸಿಕ್ಕ ಇಲಿ ಸತ್ತಂತೆ ಬಿದ್ದುಕೊಳ್ಳುವುದನ್ನು ನೀವು ನೋಡಿರಬಹುದು. ಇದೂ ಅದೇ ಬಗೆಯದು.

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೆ ಒಳಗಾಗಿ ತುರ್ತು ಚಿಕಿತ್ಸೆಗೆ ಬಂದ 298 ಮಹಿಳೆಯರನ್ನು ವೈದ್ಯರು ವಿಚಾರಿಸಿದರು. 2017ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಶೇಕಡಾ 70ರಷ್ಟು ಮಂದಿ ಆ ಹೊತ್ತಿನಲ್ಲಿ ತಮ್ಮ ಶರೀರ ಸ್ತಂಭಿಸಿಹೋಗಿತ್ತು ಎಂದರು. ಅಷ್ಟು ಘೋರವಲ್ಲದ ಬಸ್ಸಿನ ಕಿರುಕುಳದಲ್ಲೂ ಶರೀರ ಇದೇ ದಾರಿ ಹಿಡಿಯಬಹುದು. ಆದ್ದರಿಂದ ಮೌನ ಸಮ್ಮತಿಯಲ್ಲ, ಅದು ಹೇಡಿತನವೂ ಅಲ್ಲ. ಅಂದು ಕೂಗಲಾಗಲಿಲ್ಲವಲ್ಲ ಎಂದು ವರ್ಷಗಟ್ಟಲೆ ಕೊರಗುವ ತಾಯಂದಿರು, ಅಕ್ಕತಂಗಿಯರು ಈ ಒಂದು ಮಾತನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಭಾರ ಇಳಿದಂತೆ.

ಶರೀರ ತೆರುವ ಬೆಲೆ

ಒಂದು ದಿನದ ಭಯವನ್ನು ಶರೀರ ತಡೆದುಕೊಳ್ಳುತ್ತದೆ. ದಿನವೂ ಅದೇ ಬಸ್ಸು, ಅದೇ ಮನುಷ್ಯ ಎಂದಾದರೆ ಶರೀರಕ್ಕೆ ಬಿಡುವೇ ಇರುವುದಿಲ್ಲ. ನಿದ್ದೆ ಕೆಡುತ್ತದೆ. ತಲೆನೋವು, ಹೊಟ್ಟೆಯುರಿ, ಭೇದಿ, ಕುತ್ತಿಗೆ ಬೆನ್ನುಗಳ ಸೆಳೆತ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮುಟ್ಟು ಏರುಪೇರಾಗುತ್ತದೆ. ಜನ ಕಡಿಮೆ ಇರುವ ಮುಂಚಿನ ಬಸ್ಸು ಹಿಡಿಯಲು ತಿಂಡಿ ಬಿಡುವ ಹುಡುಗಿಯರಿದ್ದಾರೆ. ಮೊದಲೇ ರಕ್ತಹೀನತೆ ಹೆಚ್ಚಾಗಿರುವ ವಯಸ್ಸಿನಲ್ಲಿ ಇದು ಇನ್ನೊಂದು ಪೆಟ್ಟು.

ಎಲ್ಲಕ್ಕಿಂತ ದೊಡ್ಡ ನಷ್ಟ ಬೇರೆ. ವಿಷಯ ಮನೆಯಲ್ಲಿ ತಿಳಿದರೆ ‘ನಾಳೆಯಿಂದ ಕಾಲೇಜು ಬೇಡ’ ಎಂಬ ತೀರ್ಮಾನವಾದೀತು ಎಂಬ ಅಂಜಿಕೆಯಿಂದಲೇ ಬಹಳ ಹುಡುಗಿಯರು ಬಾಯಿ ಬಿಡುವುದಿಲ್ಲ. ತಪ್ಪು ಮಾಡಿದವನು ಬಸ್ಸಿನಲ್ಲಿ ಆರಾಮವಾಗಿ ಓಡಾಡುತ್ತಾನೆ, ಶಿಕ್ಷೆ ಮಾತ್ರ ಓದುವ ಹುಡುಗಿಗೆ. ಓದು ನಿಂತರೆ ಬೇಗ ಮದುವೆ, ಬೇಗ ಬಸಿರು. ಆರೋಗ್ಯದ ದೃಷ್ಟಿಯಿಂದ ನೋಡಿದರೂ ಇದು ಸಣ್ಣ ವಿಷಯವಲ್ಲ.

ಬಸ್ಸಿನಲ್ಲಿ ಏನು ಮಾಡಬೇಕು?

ಮೊದಲೇ ಒಂದು ಮಾತು. ಕಿರುಕುಳ ತಡೆಯುವ ಹೊಣೆ ಹೆಣ್ಣಿನದಲ್ಲ. ಬಟ್ಟೆ ಯಾವುದು, ಹೊತ್ತು ಎಷ್ಟು ಎಂಬುದು ಕಾರಣವೂ ಅಲ್ಲ. 2003ರಲ್ಲಿ ಬೆಂಗಳೂರಿನ ಕಲಾ ವಿದ್ಯಾರ್ಥಿನಿ ಜಸ್ಮೀನ್ ಪಥೇಜಾ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಬಳಗ, ಕಿರುಕುಳ ಆದಾಗ ತೊಟ್ಟಿದ್ದ ಬಟ್ಟೆಗಳನ್ನು ಕಳಿಸುವಂತೆ ಮಹಿಳೆಯರನ್ನು ಕೇಳಿತು. ‘ಇದನ್ನು ನಾನು ಬಯಸಿರಲಿಲ್ಲ’ ಎಂದು ಆ ಬಟ್ಟೆಗಳ ಮೂಲಕವೇ ಹೇಳಿಸುವುದು ಬಳಗದ ಉದ್ದೇಶ. ಆದರೂ ಕೆಲವು ಉಪಾಯಗಳು ತಿಳಿದಿದ್ದರೆ ಆ ಹೊತ್ತಿಗೆ ಒದಗುತ್ತವೆ.

ಬಸ್ಸು ಕುಲುಕಿದಾಗ ಅಕಸ್ಮಾತ್ತಾಗಿ ಮೈ ತಾಗುವುದುಂಟು. ‘ಸ್ವಲ್ಪ ಸರಿದು ನಿಲ್ಲಿ’ ಎಂದು ಸ್ಪಷ್ಟವಾಗಿ ಹೇಳಿ. ಅರಿಯದೆ ತಾಗಿದವರು ಕೂಡಲೇ ಸರಿಯುತ್ತಾರೆ. ಬೇಕೆಂದೇ ಮಾಡುವವನು ಮತ್ತೆ ಹತ್ತಿರ ಬರುತ್ತಾನೆ. ಆಗ ಸಂಕೋಚ ಬೇಡ. ‘ಕೈ ತೆಗೀರಿ!’ ಎಂದು ಜೋರಾಗಿ, ಚಿಕ್ಕದಾಗಿ ಹೇಳಿ. ಹೆಸರು ಗೊತ್ತಿಲ್ಲದಿದ್ದರೆ ಗುರುತು ಹೇಳಿ: ‘ನೀಲಿ ಅಂಗಿಯವರೇ, ಕೈ ತೆಗೀರಿ!’ ಆಗ ಎಲ್ಲರ ಕಣ್ಣು ಅವನ ಮೇಲೆ ಬೀಳುತ್ತದೆ, ನಿಮ್ಮ ಮೇಲಲ್ಲ. ಅವನಿಗೆ ಬೇಕಿರುವುದು ಗುಟ್ಟು. ಗುಟ್ಟು ಒಡೆದರೆ ಅವನ ಬಲ ಅರ್ಧವಾಗುತ್ತದೆ.

ಇದನ್ನು ಮನೆಯಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ನಗಬೇಡಿ. ಭಯದಲ್ಲಿ ಮಿದುಳು ಹೊಸದನ್ನು ಯೋಚಿಸದು, ಅಭ್ಯಾಸವಾಗಿದ್ದನ್ನು ಮಾತ್ರ ಮಾಡುತ್ತದೆ. ಕೂಗಲು ಆಗದಿದ್ದರೆ ಪಕ್ಕದ ಹೆಂಗಸಿನ ಕೈ ಹಿಡಿದು ‘ಅಕ್ಕಾ, ಸ್ವಲ್ಪ ಜಾಗ ಬಿಡಿ’ ಎನ್ನಿ, ಅಥವಾ ಕಂಡಕ್ಟರ್ ಬಳಿ ಹೋಗಿ ನಿಲ್ಲಿ.

ನಮ್ಮ ತಾಯಂದಿರು ಬಸ್ಸು ಹತ್ತುವಾಗ ಸೆರಗಿನಲ್ಲಿ ಪಿನ್ನು ಇಟ್ಟುಕೊಳ್ಳುತ್ತಿದ್ದರು. ಬೇರೆ ಯಾರೂ ನೆರವಿಗೆ ಬಾರದಿದ್ದ ಕಾಲದ ಉಪಾಯವದು. ತನ್ನನ್ನು ಕಾಪಾಡಿಕೊಳ್ಳಲು ಅಗತ್ಯವಿರುವಷ್ಟು ಬಲ ಬಳಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಹುಡುಗಿ ಪಿನ್ನು ನಂಬಿ ಓದಲು ಹೋಗಬೇಕಾದ ಸ್ಥಿತಿ ಊರಿಗೆ ಗೌರವವಲ್ಲ.

ಬಸ್ಸೇ ಠಾಣೆಗೆ ಹೋಗಬೇಕು

ಪ್ರಯಾಣಿಕರಲ್ಲಿ ಬಹಳ ಮಂದಿಗೆ ತಿಳಿಯದ ವಿಷಯವೊಂದಿದೆ. ತಮಿಳುನಾಡಿನ ತೆಂಕಾಶಿಯಲ್ಲಿ 1999ರಲ್ಲಿ ಬಸ್ಸಿಗೆ ಕಾಯುತ್ತಿದ್ದ ಮಹಿಳೆಯೊಂದಿಗೆ ಅಸಭ್ಯವಾಗಿ ವರ್ತಿಸಿದ ಆರೋಪ ಪೊಲೀಸ್ ಸಿಬ್ಬಂದಿಯೊಬ್ಬನ ಮೇಲೆ ಬಂತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷ್ಯ ನಿಲ್ಲಲಿಲ್ಲ. ಆದರೂ ಇಲಾಖೆ ಅವನನ್ನು ವಜಾ ಮಾಡಿದ್ದು ಸರಿಯೆಂದು 2012ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದೇ ತೀರ್ಪಿನಲ್ಲಿ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ನಿರ್ದೇಶನಗಳನ್ನು ನೀಡಿತು. ಬಸ್ ನಿಲ್ದಾಣಗಳಲ್ಲಿ ಸಾದಾ ಉಡುಪಿನ ಮಹಿಳಾ ಪೊಲೀಸರಿರಬೇಕು, ಕ್ಯಾಮೆರಾಗಳಿರಬೇಕು. ಬಸ್ಸಿನೊಳಗೆ ಕಿರುಕುಳ ನಡೆದು ಹೆಣ್ಣುಮಗಳು ದೂರಿದರೆ, ಸಿಬ್ಬಂದಿ ಆ ಬಸ್ಸನ್ನು ಹತ್ತಿರದ ಪೊಲೀಸ್ ಠಾಣೆಗೆ ಕೊಂಡೊಯ್ದು ಪೊಲೀಸರಿಗೆ ತಿಳಿಸಬೇಕು. ಹಾಗೆ ಮಾಡದಿದ್ದರೆ ಪರ್ಮಿಟ್ ರದ್ದಾಗಬೇಕು.

ಈ ತೀರ್ಪು ಬಂದು ಹದಿನಾರೇ ದಿನಗಳಲ್ಲಿ, 2012ರ ಡಿಸೆಂಬರ್ 16ರ ರಾತ್ರಿ, ದೆಹಲಿಯ ಬಸ್ಸಿನಲ್ಲಿ ಆ ಘೋರ ಕೃತ್ಯ ನಡೆಯಿತು. ಬಳಿಕ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿ ಬಂತು, 2013ರಲ್ಲಿ ಕಾನೂನು ಬಿಗಿಯಾಯಿತು.

‘ಟೈಮಾಗುತ್ತೆ ಬಿಡಮ್ಮ, ಸರಿದು ನಿಂತ್ಕೊ’ ಎನ್ನುವ ಕಂಡಕ್ಟರಿಗೆ ಈ ತೀರ್ಪನ್ನು ನೆನಪಿಸಿ. ‘ಅಣ್ಣಾ, ಬಸ್ಸನ್ನ ಸ್ಟೇಷನ್‌ಗೆ ಬಿಡಿ’ ಎಂದು ಕೇಳುವುದು ಜಗಳವಲ್ಲ, ನಿಮ್ಮ ಹಕ್ಕು. ಅವಳ ಜೊತೆ ಇಬ್ಬರು ಪ್ರಯಾಣಿಕರು ದನಿಗೂಡಿಸಿದರೆ ಸಾಕು, ಕಂಡಕ್ಟರಿಗೂ ಧೈರ್ಯ ಬರುತ್ತದೆ.

ಜೊತೆಯಲ್ಲಿರುವವರ ಕೆಲಸ

ಜಪಾನಿನ ಟೋಕಿಯೊ ರೈಲುಗಳಲ್ಲಿ, ಮುಂಬಯಿ ಲೋಕಲ್‌ಗಳಲ್ಲಿ, ದೆಹಲಿ ಮೆಟ್ರೊದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಬೋಗಿಗಳಿವೆ. ನಮ್ಮ ಬಸ್ಸುಗಳಲ್ಲಿ ಮುಂದಿನ ಸೀಟುಗಳು ಮಹಿಳೆಯರಿಗೆ ಮೀಸಲು. ಇವುಗಳಿಂದ ನೆಮ್ಮದಿ ಸಿಗುವುದು ನಿಜ. ಆದರೆ ಬಸ್ಸು ಕಿಕ್ಕಿರಿದಾಗ ಮೀಸಲು ಗೆರೆ ಅಳಿಸಿಹೋಗುತ್ತದೆ. ಆಗ ಉಳಿಯುವುದು ಪಕ್ಕದಲ್ಲಿ ನಿಂತವರ ಮನುಷ್ಯತ್ವ ಮಾತ್ರ.

ನೋಡಿಯೂ ನೋಡದಂತೆ ಕಿಟಕಿಯತ್ತ ಮುಖ ತಿರುಗಿಸಬೇಡಿ. ಹೊಡೆದಾಟಕ್ಕೂ ಇಳಿಯಬೇಕಿಲ್ಲ. ‘ಬಾಮ್ಮ, ಇಲ್ಲಿ ಕೂತ್ಕೊ’ ಎಂದು ಸೀಟು ಬಿಟ್ಟುಕೊಡಿ. ಅವರಿಬ್ಬರ ನಡುವೆ ಹೋಗಿ ನಿಲ್ಲಿ. ಕಂಡಕ್ಟರಿಗೆ ಹೇಳಿ. ಇಳಿಯುವಾಗ ‘ನಾನಿದ್ದೀನಿ, ಸಾಕ್ಷಿ ಹೇಳ್ತೀನಿ’ ಎಂಬ ಒಂದು ಮಾತು ಆಡಿ. ‘ನೀನೊಬ್ಬಳೇ ಅಲ್ಲ’ ಎಂದು ತಿಳಿಸುವ ಆ ಮಾತೇ ದೊಡ್ಡ ಔಷಧಿ. ಸಿಕ್ಕಿಬಿದ್ದವನನ್ನು ಗುಂಪು ಸೇರಿ ಥಳಿಸುವುದು ಮಾತ್ರ ಬೇಡ. ಅದು ಅಪರಾಧ. ದೂರೂ ದಿಕ್ಕು ತಪ್ಪುತ್ತದೆ, ಹುಡುಗಿಯ ಭಯವೂ ಹೆಚ್ಚುತ್ತದೆ.

ದೂರು ಕೊಡುವುದು ಹೇಗೆ?

ತುರ್ತಿಗೆ 112ಕ್ಕೆ ಫೋನ್ ಮಾಡಿ. ಮಹಿಳೆಯರ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಬಸ್ಸಿನ ನಂಬರು, ಮಾರ್ಗ, ಸಮಯ, ಅವನ ಚಹರೆ ಬರೆದಿಟ್ಟುಕೊಳ್ಳಿ. ಶಕ್ತಿ ಯೋಜನೆಯ ಟಿಕೆಟ್ ಶೂನ್ಯ ದರದ್ದೆಂದು ಬಿಸಾಡಬೇಡಿ. ನೀವು ಆ ಬಸ್ಸಿನಲ್ಲಿದ್ದಿರಿ ಎನ್ನುವುದಕ್ಕೆ ಅದೇ ಪುರಾವೆ.

ಬಸ್ಸು ಹತ್ತಿದ್ದು ದೇವನಹಳ್ಳಿ ತಾಲ್ಲೂಕು, ಘಟನೆ ನಡೆದದ್ದು ಹೊಸಕೋಟೆಯ ಬಳಿ, ಇಳಿದದ್ದು ಬೆಂಗಳೂರು ನಗರ. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಅಲೆದಾಡಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ಅದೇ ದಿನ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್ ಪ್ರಕಾರ ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಬಲ ಪ್ರಯೋಗಿಸಿದರೆ 1ರಿಂದ 5 ವರ್ಷ ಸೆರೆವಾಸ. 75ನೇ ಸೆಕ್ಷನ್ ಲೈಂಗಿಕ ಕಿರುಕುಳಕ್ಕೆ, 78 ಹಿಂಬಾಲಿಸುವುದಕ್ಕೆ, 79 ಕೀಳು ಮಾತು ಸನ್ನೆಗಳಿಗೆ ಅನ್ವಯಿಸುತ್ತವೆ. ಹದಿನೆಂಟು ತುಂಬದವರಿಗೆ 2012ರ ಪೋಕ್ಸೊ ಕಾಯಿದೆಯ ರಕ್ಷಣೆಯಿದೆ. ಬಟ್ಟೆಯ ಮೇಲಿನಿಂದ ಮುಟ್ಟಿದ್ದರೂ ಅದು ಪೋಕ್ಸೊ ಅಡಿಯ ಅಪರಾಧವೇ ಎಂದು 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಮನೆಯವರಿಗೆ ಕಿವಿಮಾತು

ಮಗಳು ಹೇಳಿಕೊಂಡಾಗ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ‘ನೀನೇನು ಮಾಡಿದ್ದೆ?’, ‘ಯಾರಿಗೂ ಹೇಳ್ಬೇಡ ಕಣೆ’ ಎಂಬ ಮಾತುಗಳು ಬಾಯಿಗೆ ಬಂದರೂ ನುಂಗಿಕೊಳ್ಳಿ. ‘ನಿನ್ನ ತಪ್ಪಿಲ್ಲ. ಹೇಳಿದ್ದು ಒಳ್ಳೇದಾಯ್ತು. ಮುಂದೇನು ಮಾಡೋಣ ಹೇಳು’ ಎನ್ನಿ. ನಾಲ್ಕು ದಿನ ಜೊತೆಯಲ್ಲಿ ಬಸ್ಸಿನಲ್ಲಿ ಹೋಗಿ ಬನ್ನಿ. ಅದೇ ದಾರಿಯ ಹುಡುಗಿಯರು ಗುಂಪಾಗಿ ಹೋಗುವಂತೆ ನೋಡಿಕೊಳ್ಳಿ. ಕಾಲೇಜಿನ ಪ್ರಾಂಶುಪಾಲರಿಗೆ, ಬಸ್ ಡಿಪೊಗೆ ಬರೆದು ಕೊಡಿ. ಕಾಲೇಜು ಮಾತ್ರ ಬಿಡಿಸಬೇಡಿ. ಭಯಪಟ್ಟ ಜಾಗದಿಂದ ದೂರ ಉಳಿದಷ್ಟೂ ಭಯ ಬೇರು ಬಿಡುತ್ತದೆ. ಜೊತೆಯವರ ಬೆಂಬಲದಿಂದ ಮತ್ತೆ ಹೋಗಿ ಬಂದಾಗ ಅದು ಮೆಲ್ಲಗೆ ಇಳಿಯುತ್ತದೆ.

ಗಂಡುಮಕ್ಕಳಿರುವ ಮನೆಗೂ ಈ ಮಾತು ಸೇರಿದ್ದು. ಹೆಣ್ಣುಮಕ್ಕಳಿಗೆ ಹುಷಾರು ಹೇಳುವ ನಾವು ಮಗನನ್ನು ಕೂರಿಸಿಕೊಂಡು ಬಸ್ಸಿನಲ್ಲಿ ಹೇಗೆ ನಿಲ್ಲಬೇಕು ಎಂದು ಹೇಳಿಕೊಡುವುದು ಅಪರೂಪ. ತಡೆಗಟ್ಟುವ ಕೆಲಸ ಶುರುವಾಗಬೇಕಾದ್ದು ಅಲ್ಲಿಂದಲೇ.

ನಿದ್ದೆಗೇಡು, ಬೆಚ್ಚಿಬೀಳುವುದು, ಘಟನೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಅಳು, ಊಟ ಸೇರದಿರುವುದು ಒಂದು ತಿಂಗಳು ದಾಟಿದರೆ ವೈದ್ಯರಿಗೆ ತೋರಿಸಿ. ಬದುಕೇ ಬೇಡವೆನ್ನುವ ಮಾತು ಬಂದರಂತೂ ಒಂದು ದಿನವೂ ತಡಮಾಡಬೇಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಹಣ ಕೊಡಬೇಕಿಲ್ಲ.

ಮತ್ತೆ ಮೊದಲು ಹೇಳಿದ ಹುಡುಗಿಯ ವಿಷಯಕ್ಕೆ ಬರೋಣ. ಅವಳ ಹೊಟ್ಟೆನೋವಿಗೆ ಬೇಕಿರುವುದು ಮಾತ್ರೆಯಲ್ಲ. ನಂಬುವ ತಾಯಿ, ಎದ್ದು ನಿಲ್ಲುವ ಒಬ್ಬ ಸಹಪ್ರಯಾಣಿಕ, ಬಸ್ಸನ್ನು ಠಾಣೆಗೆ ತಿರುಗಿಸುವ ಒಬ್ಬ ಚಾಲಕ ಬೇಕು. ನಾಳೆ ಬೆಳಿಗ್ಗೆ ನೀವು ಹತ್ತುವ ಬಸ್ಸಿನಲ್ಲೂ ಅಂಥ ಹುಡುಗಿಯೊಬ್ಬಳು ಇರಬಹುದು. ಸ್ವಲ್ಪ ಅತ್ತ ನೋಡಿ.