‘ವಾಣಿ’ಯ ಹಿರಣ್ಣಯ್ಯ

ಹಿರಣ್ಣಯ್ಯ ಎಂದೊಡನೆ ‘ಲಂಚಾವತಾರ’ ನಾಟಕದ ಮಾಸ್ಟರ್ ಹಿರಣ್ಣಯ್ಯ ನೆನಪಾಗುತ್ತಾರೆ. ಆ ಹೆಸರು ಅವರಿಗೆ ಬಂದದ್ದು ತಂದೆಯಿಂದ. ಮೈಸೂರಿನ ಕೆ. ಹಿರಣ್ಣಯ್ಯ ನಾಟಕ ಬರೆದರು, ಪಾತ್ರ ಮಾಡಿದರು, ಮಿತ್ರ ಮಂಡಳಿ ಎಂಬ ನಾಟಕ ತಂಡ ಕಟ್ಟಿದರು, ಸಿನಿಮಾ ಮಾಡಿದರು. ಮಗನ ಕೀರ್ತಿ ಬೆಳೆದಂತೆ ತಂದೆಯ ಕೆಲಸ ಮರೆಗೆ ಸರಿದದ್ದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಕಂಪನಿ ನಾಟಕದಲ್ಲಿ ಹಾಡಿಗೇ ಮೊದಲ ಮಣೆ. ನಟ ಎ.ವಿ. ವರದಾಚಾರ್ಯರ ಕಂಠಕ್ಕೆ ಮನಸೋತ ಊರು ಮೈಸೂರು. ‘ಒನ್ಸ್ ಮೋರ್’ ಎಂದು ಜನ ಕೂಗಿದರೆ ಕಥೆ ಅಲ್ಲೇ ನಿಲ್ಲಬೇಕು. ಹಾಸ್ಯಗಾರನ ಪಾಲಿಗೆ ಸಾಮಾನ್ಯವಾಗಿ ಉಳಿಯುತ್ತಿದ್ದದ್ದು ಪರದೆಯ ಹಿಂದೆ ಸೀನು ಬದಲಾಗುವಷ್ಟು ಹೊತ್ತು. ಗುಬ್ಬಿ ವೀರಣ್ಣನವರ ‘ಸದಾರಮೆ’ಯ ಕಳ್ಳ ಆ ಕಟ್ಟು ಮೊದಲೇ ಮುರಿದಿದ್ದ. ಹಿರಣ್ಣಯ್ಯ ಇನ್ನೂ ಮುಂದೆ ಹೋಗಿ, ‘ದೇವದಾಸಿ’, ‘ಮಕ್ಮಲ್ ಟೋಪಿ’ಯಂಥ ಸಾಮಾಜಿಕ ನಾಟಕಗಳಲ್ಲಿ ನಗುವಿನ ಕೈಗೇ ಕಥೆ ಕೊಟ್ಟರು.

1943ರಲ್ಲಿ ಅವರ ಸಿನಿಮಾ ‘ವಾಣಿ’ ಬಂತು. ಕನ್ನಡ ಟಾಕಿಗೆ ಆಗ ಒಂಬತ್ತೇ ವರ್ಷ. ಪುರಾಣದ ಕಥೆಗಳದೇ ಕಾಲ. ಅದೇ ವರ್ಷ ‘ಸತ್ಯ ಹರಿಶ್ಚಂದ್ರ’ವೂ ತೆರೆಗೆ ಬಂದಿತ್ತು. ‘ವಾಣಿ’ಯ ಬೆನ್ನಿಗೆ ನಿಂತವರು ಪಿಟೀಲು ಚೌಡಯ್ಯ. ಮೈಕಿಲ್ಲದ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಏಳು ತಂತಿಯ ಪಿಟೀಲು ಮಾಡಿಸಿಕೊಂಡಿದ್ದ ವಿದ್ವಾಂಸರು ಅವರು. ನಿರ್ದೇಶನ ಹಿರಣ್ಣಯ್ಯನವರದು. ಮುಂದೆ ‘ಬೇಡರ ಕಣ್ಣಪ್ಪ’ದ ನಾಯಕಿಯಾದ ಪಂಢರಿಬಾಯಿ ಮೊದಲು ತೆರೆಯ ಮೇಲೆ ಕಾಣಿಸಿಕೊಂಡದ್ದು ಈ ಚಿತ್ರದಲ್ಲೇ.

ಅದರಲ್ಲೊಂದು ಕಚೇರಿಯಿದೆ. ಚೆಂಬೈ ವೈದ್ಯನಾಥ ಭಾಗವತರ ಹಾಡು, ಚೌಡಯ್ಯನವರ ಪಿಟೀಲು, ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ ಮೃದಂಗ. ಸಂಗೀತ ರಸಿಕರು ಇಂದಿಗೂ ಆ ತುಣುಕನ್ನು ಹುಡುಕಿ ನೋಡುತ್ತಾರೆ. ಮಾತಿನ ಮಲ್ಲನಾದ ಹಾಸ್ಯಗಾರನೊಬ್ಬ ತನ್ನ ಚಿತ್ರದಲ್ಲಿ ಸಂಗೀತಕ್ಕೆ ಇಷ್ಟು ಜಾಗ ಬಿಟ್ಟುಕೊಟ್ಟದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಯಾವಾಗ ಸುಮ್ಮನಿರಬೇಕೆಂಬುದು ಅವರಿಗೆ ಗೊತ್ತಿತ್ತು.

1953ರಲ್ಲಿ ಮಡಿಕೇರಿಯಲ್ಲಿ ಅವರು ತೀರಿಕೊಂಡರು. ಮಗ ನರಸಿಂಹಮೂರ್ತಿಗೆ ಆಗಿನ್ನೂ ಹತ್ತೊಂಬತ್ತು. ಮಂಡಳಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ ಆ ಹುಡುಗನೇ ಮಾಸ್ಟರ್ ಹಿರಣ್ಣಯ್ಯ. ಮಗನ ರಂಗದಲ್ಲಿ ಹಾಡಿಗಿಂತ ಮಾತು ಹೆಚ್ಚಾಯಿತು; ಬೆಳಗಿನ ಪತ್ರಿಕೆಯ ಸುದ್ದಿ ರಾತ್ರಿಯ ಸಂಭಾಷಣೆಗೆ ಬಂತು, ಅಧಿಕಾರದಲ್ಲಿದ್ದವರು ಕೆಂಡವಾದರು. ‘ಲಂಚಾವತಾರ’ ಸಾವಿರಾರು ಪ್ರಯೋಗ ಕಂಡಿತು. ಅದರ ಜೊತೆಜೊತೆಗೇ ‘ದೇವದಾಸಿ’, ‘ಮಕ್ಮಲ್ ಟೋಪಿ’ಗಳೂ ಕ್ಯಾಂಪಿನಿಂದ ಕ್ಯಾಂಪಿಗೆ ಹೋದವು.